ತಪ್ಪು ನಿನ್ನ ಕಾಲಿನದಲ್ಲ

ಮನೆ,
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಗ್ಯಾರೇಜಿನವನು ನಿನಗೆ ಸುಳ್ಳು ಹೇಳಿದ. ಶಾಲೆಯ ಇಳಿಜಾರಿನಲ್ಲಿ, ಒಂಬತ್ತು ಮಕ್ಕಳು ವ್ಯಾನಿನಲ್ಲಿದ್ದಾಗ, ಬ್ರೇಕ್ ಪೆಡಲು ನೆಲಕ್ಕಿಳಿದದ್ದು ನಿನ್ನ ಕಾಲಿನ ತಪ್ಪಲ್ಲ. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪು ತುಕ್ಕು ತಿಂದು ಸೋರುತ್ತಿತ್ತು. ಅವನು ಅದರ ಮೇಲೆ ಕಪ್ಪು ಬಣ್ಣ ಬಳಿದು, "ಗಾಡಿ ಸರಿಯಾಗೇ ಇದೆ, ಅಮ್ಮಾವ್ರಿಗೇ ವಯಸ್ಸಾಯ್ತು" ಎಂದು ಕೈ ತೊಳೆದುಕೊಂಡ. ಇದನ್ನು ಬರೆಯುವ ಮೊದಲು ನಿನ್ನ ಕ್ಷೇಮ ಕೇಳಲು ಪೆನ್ನು ಏಳಲಿಲ್ಲ, ಕ್ಷಮಿಸು.

ಈಗ ಕೇಳುತ್ತೇನೆ. ಹೇಗಿದ್ದೀಯ? ದೊಡ್ಡಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರೇ? ಆಪರೇಷನ್ ಆದವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ನಿದ್ದೆಗೆಡುತ್ತಿರುತ್ತೀಯ, ನನಗೆ ಗೊತ್ತು. ಮನೆಗೆಲಸವನ್ನು ಹೆಣ್ಣುಮಕ್ಕಳ ಹಣೆಬರಹ ಮಾಡಿದ ವ್ಯವಸ್ಥೆಯ ಬಗ್ಗೆ ಮೊನ್ನೆ ಒಂದು ಕಿರುಹೊತ್ತಿಗೆ ಓದಿದೆ. ಇದರ ಜೊತೆಗೇ ಇಟ್ಟಿದ್ದೇನೆ. ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳು.

ನೀನು ಹೊರಡುವ ದಿನ ವ್ಯಾನಿನ ಬೀಗದ ಕೈಯನ್ನು ಅಪ್ಪನ ಹೊಲಿಗೆ ಯಂತ್ರದ ಮೇಲಿಟ್ಟು, "ಗುಜರಿಗೆ ಹಾಕಿಬಿಡಿ, ಇನ್ನು ನಾನು ಓಡಿಸಲ್ಲ" ಎಂದೆಯಲ್ಲ, ಆ ಮಾತು ನನ್ನೊಳಗೆ ಕುದಿಯುತ್ತಿತ್ತು. ಹದಿನಾರು ವರ್ಷ ಓಡಿಸಿದವಳು ಒಂದೇ ಬೆಳಿಗ್ಗೆಯಲ್ಲಿ ಹೇಗೆ ಕೆಟ್ಟ ಡ್ರೈವರಾಗುತ್ತಾಳೆ? ಅಂದು ಕೈಬ್ರೇಕ್ ಎಳೆದು, ಒಂದು ಮಗುವಿನ ಟಿಫಿನ್ ಡಬ್ಬಿಯೂ ಉರುಳದಂತೆ ನಿಲ್ಲಿಸಿದವಳು ನೀನೇ ಅಲ್ಲವೇ? ಭಾನುವಾರ ವ್ಯಾನಿಗೆ ಗಟ್ಟಿಯಾದ ಸ್ಟ್ಯಾಂಡು ಕೊಟ್ಟು ಕೆಳಗೆ ತೂರಿದೆ. ಪೈಪಿನ ಮೇಲೆ ಉಗುರಿನಿಂದ ಕೆರೆದರೆ ಬಣ್ಣ ಸಿಪ್ಪೆಯಂತೆ ಎದ್ದಿತು, ಒಳಗೆ ಬರೀ ಕೆಂಪು ಪುಡಿ. ಬಿಚ್ಚಿದ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ, ಗ್ಯಾರೇಜಿನವನ ಗಿರಾಕಿಗಳೆದುರೇ ಎರಡು ಬೆರಳಲ್ಲಿ ಮುರಿದೆ. ಅವನು ಮೊದಲು ಅದನ್ನು ನೋಡಿದ, ಆಮೇಲೆ ನೆಲ ನೋಡಿದ. ನಾನು ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ, ಅದು ಬೇಕಾಗಲಿಲ್ಲ.

ಹೊಸ ಪೈಪು ಹಾಕುವ ಕೆಲಸ ಮನೆಯಲ್ಲೇ ಎಂದು ನಿಶ್ಚಯಿಸಿದೆವು. ಅಪ್ಪ ಟೇಪು ಮುಟ್ಟಲಿಲ್ಲ. ಹಳೆಯ ಪೈಪಿನ ತಿರುವುಗಳ ಗುಂಟ ದಾರ ಹಾಯಿಸಿ ಅಳತೆ ತೆಗೆದರು, ಪ್ಯಾಂಟಿನ ಮಡಿಕೆಗೆ ಬಿಡುವ ಹಾಗೆ ಎರಡೂ ಕೊನೆಗೆ ಒಂದಿಷ್ಟು ಹೆಚ್ಚು ಬಿಟ್ಟರು. ಪೈಪಿನ ತುದಿಯನ್ನು ಅಗಲಿಸಿ ಮಡಚಬೇಕು, ಆಗಲೇ ಅದು ಬಿಗಿಯಾಗಿ ಕೂರುವುದು. ಅಪ್ಪ ಬಿಟ್ಟದ್ದು ಅದಕ್ಕೆ ಸಾಕಾಗಿ ಇನ್ನೂ ಮಿಕ್ಕಿತು. ನಾನು ಮಾತ್ರ, ಮೊದಲೇ ಪೈಪಿಗೆ ತೂರಿಸಬೇಕಾದ ನಟ್ಟನ್ನು ತೂರಿಸದೆಯೇ ತುದಿ ಅಗಲಿಸಿ ಕೂತಿದ್ದೆ. "ಕತ್ತೇ ಬಿಡದೆ ಅಂಗಿ ಹೊಲಿದ್ಯಲ್ಲೇ" ಎಂದು ಅಪ್ಪ ನಕ್ಕ ನಗೆಗೆ ಅವರ ಕನ್ನಡಕ ಎಣ್ಣೆ ತಟ್ಟೆಗೆ ಬಿತ್ತು. ಆ ತುದಿ ಕತ್ತರಿಸಿ ಮತ್ತೆ ಮಾಡಿದೆವು.

ನಿಜವಾದ ಕಷ್ಟ ಶುರುವಾದದ್ದು ಪೈಪಿನೊಳಗಿನ ಗಾಳಿ ತೆಗೆಯುವಾಗ. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಚಕ್ರದ ಬಳಿ ಇನ್ನೊಬ್ಬರು ಸಣ್ಣ ತಿರುಪು ಬಿಚ್ಚಿ ಗಾಳಿ ಬಿಟ್ಟು ಮುಚ್ಚಬೇಕು, ಆಮೇಲೆಯೇ ಕಾಲು ಎತ್ತಬೇಕು. ಪೆಡಲಿಗೆ ಅಜ್ಜಿ, ತಿರುಪಿಗೆ ನಾನು, ಬ್ರೇಕ್ ಆಯಿಲ್ ಸುರಿಯಲು ಅಪ್ಪ. ಅಡುಗೆಮನೆ ಬಾಗಿಲಿಗೆ ನಾನು ಅಂಟಿಸಿದ ನಿಯಮ ನಿನಗೆ ನೆನಪಿದೆ: ಈ ಮನೆಯಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡಕೂಡದು. ಹಾಗಾಗಿ ನಾನು ಕೆಳಗಿನಿಂದ, ಈಗ ಒತ್ತಬಹುದೇ ಎಂದು ಕೇಳುತ್ತಿದ್ದೆ. ನಿನಗೆ ಅನುಕೂಲವೇ ಎಂದು ಕೇಳಲು ಅಜ್ಜಿ ಕಿಟಕಿಯಿಂದ ಬಗ್ಗುತ್ತಿದ್ದರು, ಬಗ್ಗಿದಾಗ ಕಾಲು ಮೇಲೇಳುತ್ತಿತ್ತು, ಬಿಟ್ಟ ಗಾಳಿ ಅಷ್ಟೂ ವಾಪಸ್ ಒಳಗೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಹೀಗೇ. ಎರಡು ಡಬ್ಬಿ ಆಯಿಲ್ ಮುಗಿಯಿತು, ಪೆಡಲು ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗೇ ಇತ್ತು. ಕೊನೆಗೆ ಅಜ್ಜಿ ಸೀಟಿನಲ್ಲಿ ನೆಟ್ಟಗೆ ಕೂತು ಹೇಳಿದರು: "ಗಾಳಿ ಪೈಪಲ್ಲಿಲ್ಲ ಕಣೇ, ನಿನ್ನ ತಲೇಲಿದೆ. ನಾನು ಬಿಚ್ಚು ಅಂದಾಗ ಬಿಚ್ಚು, ಮುಚ್ಚು ಅಂದಾಗ ಮುಚ್ಚು. ಸಭೆ ಆಮೇಲೆ ಮಾಡೋಣ."

ಬಿಚ್ಚಿದೆ, ಮುಚ್ಚಿದೆ. ಹತ್ತೇ ನಿಮಿಷ, ಅಮ್ಮಾ. ಪೆಡಲು ಕಲ್ಲಾಯಿತು. ಅಜ್ಜಿ ಇಡೀ ಮೈಭಾರ ಹಾಕಿ ನಿಂತರೂ ಜಗ್ಗಲಿಲ್ಲ. ಊಟಕ್ಕೆ ಕೂತಾಗ ಸಭೆಯೂ ನಡೆಯಿತು: ಪೆಡಲಿನ ಮೇಲೆ ಕಾಲಿಟ್ಟವರ ಮಾತೇ ನಡೆಯಬೇಕು ಎಂಬ ತಿದ್ದುಪಡಿ ಮೂರು ಮತಗಳಿಂದ ಪಾಸಾಯಿತು. ನಾನೂ ಕೈ ಎತ್ತಿದೆ.

ನಾವೇ ಮಾಡಿದ್ದನ್ನು ನಾವೇ ಸರಿ ಎನ್ನುವಂತಿಲ್ಲವಲ್ಲ, ನಿನ್ನೆ ಲಾರಿಗೆ ಕಟ್ಟಿಸಿ ವಾಹನ ತಪಾಸಣೆ ಕಚೇರಿಗೆ ಒಯ್ದೆವು. ಅಲ್ಲಿಯ ಇನ್‌ಸ್ಪೆಕ್ಟರಮ್ಮ ಕೆಳಗಿಳಿದು ಒಂದೊಂದು ಜೋಡಣೆಗೂ ಟಾರ್ಚು ಬಿಟ್ಟು ನೋಡಿದರು, ನಾಲ್ಕು ಸಲ ಓಡಿಸಿ ನಿಲ್ಲಿಸಿದರು, ಮಕ್ಕಳನ್ನು ಕೂರಿಸಬಹುದೆಂದು ಬರೆದುಕೊಟ್ಟರು. ಯಾವ ಗ್ಯಾರೇಜು ಎಂದು ಕೇಳಿದ್ದಕ್ಕೆ ಅಜ್ಜಿ, "ಟೈಲರ್ ಅಂಗಡಿ" ಎಂದರು.

ಅಪ್ಪ ನಿನ್ನನ್ನು ಕೇಳಿದ್ದಾರೆ. ಅಜ್ಜಿಯ ಆಶೀರ್ವಾದ. ದೊಡ್ಡಮ್ಮನಿಗೆ ನನ್ನ ನಮಸ್ಕಾರ, ಆ ಕಣ್ಣು ಉಜ್ಜಿಕೊಳ್ಳಬಾರದೆಂದು ಹೇಳು.

ನಿನ್ನ ಮಗಳು,
ನೀನೇ ಹೆಸರಿಟ್ಟ ಹಾಗೆ, 'ಕರಪತ್ರ'

ಮರೆತೆ: ಗುಜರಿಯವನು ಬಂದಿದ್ದ, ನಿನ್ನನ್ನು ಕೇಳದೆ ವಾಪಸ್ ಕಳಿಸಿದೆ. ಅದು ತಪ್ಪೇ. ವ್ಯಾನು ನಿನ್ನದು, ಮಾರುವುದೂ ನಿನ್ನ ಹಕ್ಕು, ನಾನು ಅಡ್ಡ ಬರುವುದಿಲ್ಲ. ಆದರೆ ಒಂಬತ್ತು ಮಕ್ಕಳ ಮನೆಗೂ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಆ ಮುರಿದ ಪೈಪನ್ನೂ ತೋರಿಸಿದೆ. ಒಬ್ಬರೂ ಬೇರೆ ಗಾಡಿ ಗೊತ್ತುಮಾಡಿಲ್ಲ, ನಿನಗೇ ಕಾಯುತ್ತಿದ್ದಾರೆ. ತೀರ್ಮಾನಿಸುವ ಮೊದಲು ಒಂದು ಸಲ ಆ ಪೆಡಲು ಒತ್ತಿ ನೋಡು. ನೀನು ರೈಲಿಳಿಯುವ ದಿನ ಅಪ್ಪ ವ್ಯಾನು ತಂದು ನಿಲ್ಲಿಸಿ ಹಿಂದಿನ ಸೀಟಿಗೆ ಹೋಗುತ್ತಾರೆ. ಡ್ರೈವರ್ ಸೀಟಿನಲ್ಲಿ ಯಾರೂ ಇರುವುದಿಲ್ಲ. ನಿಲ್ದಾಣದ ಹಿಂಬಾಗಿಲು, ಬರುವ ಬುಧವಾರ, ಬೆಳಿಗ್ಗೆ ಏಳೂವರೆ.