ಗೆಡ್ಡೆಯೊಳಗಿನ ಹಳದಿ ತಿರುಳು

ಲಿಸ್ಸೆ, ೨೪ ಏಪ್ರಿಲ್ ೧೯೭೯

ನೀಲ್ಟ್ಯೆ ಅಕ್ಕಾ,

ಟುಲಿಪ್ ತೋಟ ತೋರಿಸಲು ಅಮ್ಮನನ್ನು ಅರ್ಧ ದಿನದ ಪ್ರವಾಸದ ಬಸ್ಸಿನಲ್ಲಿ ಕರೆತಂದೆ. ಕಣ್ಣು ಹಾಯುವವರೆಗೂ ಕೆಂಪು ಹೂವು. ಗೈಡ್ ಹುಡುಗಿ ಒಂದು ಟುಲಿಪ್ ಗೆಡ್ಡೆ ಎತ್ತಿ ಹಿಡಿದು, "ಯುದ್ಧದ ಕೊನೇ ಚಳಿಗಾಲದಲ್ಲಿ ಊಟಕ್ಕಿಲ್ದೆ ಜನ ಇದನ್ನೇ ಬೇಯಿಸಿಕೊಂಡು ತಿಂದ್ರಂತೆ!" ಎಂದು ನಕ್ಕಳು. ಅಮ್ಮ ಅದನ್ನು ಕಿತ್ತುಕೊಂಡು, ಹಣ್ಣಿನ ಚಾಕುವಿನಿಂದ ಸೀಳಿ, ಒಳಗಿನ ಹಳದಿ ತಿರುಳನ್ನು ತೋರಿಸಿದಳು.

"ಇದು ವಿಷ ಕಣೇ ಹುಡುಗಿ. ತೆಗೆದೇ ಬೇಯಿಸ್ಬೇಕು. ದೊಡ್ಡವಳು ಬಿಡಿಸಿಟ್ಟ ಗೆಡ್ಡೆ ಸಾಲ್ಲಿಲ್ಲ ಅಂತ ಆವತ್ತು ಇನ್ನೆರಡು ನಾನೇ ತಿರುಳು ತೆಗೀದೆ ಹಾಗೇ ಹಾಕ್ಬಿಟ್ಟೆ. ನನ್ನ ಯೋಪ್ ಹೋಗ್ಬಿಟ್ಟ."

ದೊಡ್ಡವಳೆಂದರೆ ನೀನು. ಆಗ ನಿನಗೆ ಒಂಬತ್ತು ವರ್ಷ. ತಮ್ಮ ಯೋಪ್ ಸತ್ತದ್ದು ನಿನ್ನ ಕೈತಪ್ಪಿನಿಂದ ಎಂದು ನಂಬಿ, ನನ್ನ ಮಕ್ಕಳಿಗೆ ನೀನು ಇವತ್ತಿನವರೆಗೆ ಒಂದು ಆಲೂಗಡ್ಡೆಯನ್ನೂ ಸುಲಿದು ಕೊಟ್ಟಿಲ್ಲ. ಮೂವತ್ತನಾಲ್ಕು ವರ್ಷ ಅಮ್ಮ ಅದನ್ನು ನೋಡುತ್ತ ಕೂತಿದ್ದಳು. ಈಗ ಬಸ್ಸಿನಲ್ಲಿ ಕೂತು ಚೀಸ್ ಹಚ್ಚಿದ ಬ್ರೆಡ್ ತಿನ್ನುತ್ತಿದ್ದಾಳೆ.

ಅವಳ ಮಂಡಿ ಊದಿದೆ, ಮಾತ್ರೆ ಕೊಟ್ಟಿದ್ದೇನೆ. ಸಂಜೆ ಮನೆಗೆ ಬಂದಾಗ ಅವಳೆದುರು ಇದನ್ನು ಹೇಳಲು ನನಗೆ ಬಾಯಿ ಬಾರದು, ಅದಕ್ಕೇ ಈ ಕಾರ್ಡು. ಅಂಚೆಯವನು ಓದಿದರೆ ಓದಲಿ. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ.

ನೀನು ಬಿಡಿಸಿದ ಗೆಡ್ಡೆಗಳೆಲ್ಲ ಚೊಕ್ಕಟವಾಗಿದ್ದವು, ಅಕ್ಕಾ.

ಗ್ರೀತ್