ಸಹಿಗೆ ಮುಂಚೆ ಮೂರು ಪ್ರಶ್ನೆ

ಬೇಕರಿಯ ಹಿಂದಿನ ಕೋಣೆಯಿಂದ,
ಮಾರ್ಚ್ ಒಂಬತ್ತು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಮೊದಲು ನಿನ್ನ ಹೆಗಲು ಹೇಗಿದೆ ಹೇಳು. ದಿನವಿಡೀ ಆ ಸೀಸದ ಅಂಗಿ ಹೊತ್ತುಕೊಂಡು ಊರವರದೆಲ್ಲ ಎಕ್ಸ್‌ರೇ ತೆಗೆಯುವವಳು, ನಿನ್ನ ಹೆಗಲಿನದೊಂದು ತೆಗೆಸಿಕೊಂಡೆಯೋ ಇಲ್ಲವೋ? ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ನಿನ್ನಂಥವರನ್ನು ನೋಡಿಯೇ ಕಟ್ಟಿರಬೇಕು. ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೋ. ಆ ಕೆಮ್ಮು ನಿಂತಿತೇ? ಇಲ್ಲಿ ನಾವೆಲ್ಲ ಆರಾಮ. ನಿಮ್ಮಮ್ಮನ ಮಂಡಿ ನೋವು ಇದ್ದಷ್ಟೇ ಇದೆ, ಬಾಯಿಗೆ ಮಾತ್ರ ದೇವರ ದಯೆಯಿಂದ ಯಾವ ನೋವೂ ಇಲ್ಲ. ನಮ್ಮ ವಕೀಲಮ್ಮನಿಗೆ ಮುಂದಿನ ಹಲ್ಲು ಎರಡೂ ಬಿದ್ದಿವೆ. ಹಾಗಾಗಿ ಮಗಳು ಈಗ ವಾದ ಮಾಡುವಾಗ ಮಾತಿನ ಜೊತೆ ಗಾಳಿಯೂ ಬರುತ್ತದೆ. ಬೆಳಿಗ್ಗೆ ಅವಳ ಜಡೆ ನಾನೇ ಹಾಕುತ್ತೇನೆ. ಹೆಣೆದ ಬ್ರೆಡ್ಡು ಮಾಡಿ ಪಳಗಿದ ಕೈ ಅಲ್ಲವೇ, ಜಡೆ ಬಿಗಿಯಾಗಿಯೇ ಬರುತ್ತದೆ. ಆದರೆ ನಾನು ಅಭ್ಯಾಸಬಲದಿಂದ ಕೊನೆಯಲ್ಲಿ ತುದಿಯನ್ನು ಒಳಕ್ಕೆ ಮಡಚಿ ಒತ್ತಿಬಿಡುತ್ತೇನೆ, ಅವಳು ಕಿರುಚುತ್ತಾಳೆ. "ಅಪ್ಪಾ, ಇದು ಬ್ರೆಡ್ಡಲ್ಲ, ನನ್ನ ತಲೆ" ಎಂದು ಅವಳು ದಿನಾ ಜ್ಞಾಪಿಸಬೇಕಾಗಿದೆ.

ಫೋನಿರುವಾಗ ಇವರಿಗೇಕೆ ಪತ್ರದ ಹುಚ್ಚು ಎಂದು ನೀನು ನಗುತ್ತಿರಬಹುದು. ಭಾನುವಾರ ನಿನ್ನ ಫೋನು ಬಂದರೆ ಮೊದಲು ವಕೀಲಮ್ಮ, ಆಮೇಲೆ ಅತ್ತೆ. ಅದು ನನ್ನ ಕೈಗೆ ಬರುವ ಹೊತ್ತಿಗೆ ನಿನಗೆ ಡ್ಯೂಟಿಗೆ ಹೊತ್ತಾಗಿರುತ್ತದೆ. ನೀನು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಬಿಟ್ಟರೆ ನನಗೆ ಬೇರೇನೂ ಹೊಳೆಯುವುದಿಲ್ಲ. ಹೋದ ತಿಂಗಳೂ ಹಾಗೇ ಆಯಿತು. "ಮಾರ್ಚ್ ಕೊನೆಗೆ ಇಲ್ಲಿನ ಆಸ್ಪತ್ರೆ ಕರಾರು ಮುಗಿಯುತ್ತೆ ರೀ, ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿ ಅಂತಿದ್ದಾರೆ. ಸಂಬಳ ಜಾಸ್ತಿ ಮಾಡ್ತಾರಂತೆ, ಮನೆ ಕಟ್ಟೋಕೆ ಆಗುತ್ತೆ. ಆದ್ರೆ ದುಡ್ಡು ಬ್ಯಾಂಕಲ್ಲಿ ಸುಮ್ಮನೆ ಬಿದ್ದಿದ್ರೆ ಏನು ಬಂತು? ಈ ಶೇರು, ಮ್ಯೂಚುವಲ್ ಫಂಡು ಅಂದ್ರೆ ಏನು ಅಂತ ಸರಿಯಾಗಿ ತಿಳ್ಕೊಂಡು ಬರೀರಿ. ಆಮೇಲೆ ಸಹಿ ಹಾಕ್ತೀನಿ" ಎಂದೆ ನೀನು. ನಾನು ಹೂಂ ಎಂದೆ. ಕೊಟ್ಟ ಕೆಲಸ ಮಾಡಿದ್ದೇನೆ, ಅದರ ವರದಿ ಇದು.

ನಮ್ಮ ಬೀದಿಯ ಕೊನೆಯ ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಒಂದು ತರಗತಿ ನಡೆಯುತ್ತದೆ. ಏನೂ ಗೊತ್ತಿಲ್ಲದವರಿಗೆ ಮಾತ್ರ ಎಂದು ಬಾಗಿಲಿಗೇ ಚೀಟಿ ಅಂಟಿಸಿದ್ದಾರೆ, ಆದ್ದರಿಂದ ಧೈರ್ಯವಾಗಿ ಹೋದೆ. ಪಾಠ ಹೇಳುವವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ. ಕೂತರೆ ಕಿರುಗುಟ್ಟುವ ಕುರ್ಚಿಗಳು. ನನ್ನ ಪಕ್ಕಕ್ಕೆ ಒಬ್ಬ ಬಸ್ ಡ್ರೈವರ್, ಮುಂದಿನ ಸಾಲಿನಲ್ಲಿ ಹೊಲಿಗೆ ಅಂಗಡಿಯ ಅಕ್ಕ. ನಾನು ಬಟ್ಟೆ ಬದಲಿಸಿಕೊಂಡೇ ಹೋಗುತ್ತೇನೆ, ಆದರೂ ಕಿವಿಯ ಹಿಂದೆ ಎಲ್ಲೋ ಹಿಟ್ಟು ಉಳಿದಿರುತ್ತದೆ. ನೀನಿದ್ದಾಗ ಹೊರಡುವ ಮುಂಚೆ ಸೆರಗಿನ ತುದಿಯಿಂದ ಅದನ್ನು ನೀನೇ ಒರೆಸುತ್ತಿದ್ದೆ. ಈಗ ಅದನ್ನು ಡ್ರೈವರ್ ಹೇಳುತ್ತಾನೆ, ಒರೆಸುವುದು ಮಾತ್ರ ನನ್ನ ಪಾಲು.

ಮೊದಲ ದಿನವೇ ಮೇಡಂ, ಎಲ್ಲರೂ ಮೂರು ಮೂರು ಪ್ರಶ್ನೆ ಕೇಳಬೇಕು, ದಡ್ಡ ಪ್ರಶ್ನೆ ಆದಷ್ಟೂ ಒಳ್ಳೆಯದು ಎಂದರು. ನನ್ನ ಮೊದಲ ಪ್ರಶ್ನೆ, ಶೇರು ಅಂದರೆ ನಿಜವಾಗಿ ಕೈಗೆ ಬರುವುದೇನು ಎಂದು. ಅವರು ನನ್ನ ಬೇಕರಿಯನ್ನೇ ಹಿಡಿದುಕೊಂಡರು. ಹೊಸ ಓವನ್ನು ಕೊಳ್ಳಲು ಬೀದಿಯವರೆಲ್ಲ ದುಡ್ಡು ಹಾಕಿದರೆ ಬೇಕರಿಯಲ್ಲಿ ಅವರಿಗೂ ಒಂದೊಂದು ಪಾಲು. ವ್ಯಾಪಾರ ಚೆನ್ನಾದರೆ ಪಾಲಿನ ಬೆಲೆ ಏರುತ್ತದೆ, ನಾನು ನಿದ್ದೆ ಮಾಡಿ ಬ್ರೆಡ್ಡು ಸೀಯಿಸಿದರೆ ಅವರ ಪಾಲೂ ಸೀಯುತ್ತದೆ. ಮ್ಯೂಚುವಲ್ ಫಂಡು ಅಂದರೆ ನಮ್ಮ ಗಾಜಿನ ಭರಣಿಯ ಬೆರಕೆ ಬಿಸ್ಕತ್ತಿನ ಹಾಗೆ. ನೂರಾರು ಜನರ ದುಡ್ಡು ಒಟ್ಟುಮಾಡಿ, ತಿಳಿದವರೊಬ್ಬರು ಹತ್ತಾರು ಕಂಪನಿಗಳ ಪಾಲು ಆರಿಸಿ ಕೊಳ್ಳುತ್ತಾರೆ. ಒಂದು ಬಗೆ ಮೆತ್ತಗಾದರೂ ಉಳಿದವು ಗರಿಗರಿಯಾಗಿರುತ್ತವೆ. ಆರಿಸಿ ಕೊಡುವುದಕ್ಕೆ ಅವರು ಕೂಲಿ ಹಿಡಿದುಕೊಳ್ಳುತ್ತಾರೆ, ಅದು ಎಷ್ಟೆಂದು ಮೊದಲೇ ಕೇಳಬೇಕಂತೆ. ಒಟ್ಟಿಗೆ ಸುರಿಯಲು ಭಯವಾದರೆ ತಿಂಗಳು ತಿಂಗಳೂ ಇಷ್ಟಿಷ್ಟು ಎಂದು ಹಾಕಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂದು ನಾನು ಗಾದೆ ಹೇಳಿದೆ. "ಹಳ್ಳ ಬೇಸಿಗೇಲಿ ಬತ್ತುತ್ತೆ ಕೂಡ, ಅದನ್ನೂ ಬರ್ಕೊಳ್ಳಿ" ಎಂದರು ಮೇಡಂ.

ಎರಡನೆಯ ಪ್ರಶ್ನೆಯಲ್ಲಿ ನನ್ನ ಮಾನ ಹರಾಜಾಯಿತು. ಹಲಗೆಯ ಮೇಲೆ ಅವರು ಎರಡು ಫಂಡುಗಳನ್ನು ಬರೆದಿದ್ದರು. ಒಂದರ ಯೂನಿಟ್ಟಿಗೆ, ಅಂದರೆ ಒಂದು ಹೋಳಿಗೆ, ಹನ್ನೆರಡು ರೂಪಾಯಿ, ಇನ್ನೊಂದರದಕ್ಕೆ ಮುನ್ನೂರ ಚಿಲ್ಲರೆ. ಯಾವುದು ಕೊಳ್ಳುತ್ತೀರಿ ಎಂದರೆ ಇಡೀ ತರಗತಿ ಸೋವಿಯದು ಎಂದಿತು. ನಾನೊಬ್ಬನೇ ಎದ್ದು ನಿಂತು, ಮೇಡಂ, ಆ ಹನ್ನೆರಡರದ್ದು ನಿನ್ನೆಯ ಮಾಲೇ ಎಂದು ಕೇಳಿದೆ. ನನಗೆ ಗೊತ್ತಿರುವ ಲೋಕದಲ್ಲಿ ಸಂಜೆ ಬೆಲೆ ಇಳಿಸಿ ಮುಂದಕ್ಕೆ ಇಡುವುದು ಹಳಸುವ ಮುಂಚೆ ಖಾಲಿಯಾಗಲಿ ಎಂದು ತಾನೇ? ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಸೋವಿ ಎಂದವರದೂ ತಪ್ಪಂತೆ, ಹಳಸಲು ಎಂದ ನನ್ನದೂ ತಪ್ಪಂತೆ. ದೊಡ್ಡ ಬ್ರೆಡ್ಡನ್ನು ನಾಲ್ಕು ಹೋಳು ಮಾಡಿದರೂ ನಲವತ್ತು ಹೋಳು ಮಾಡಿದರೂ ಬ್ರೆಡ್ಡು ಅದೇ. ಹೋಳಿನ ಬೆಲೆ ನೋಡಿ ರುಚಿ ಹೇಳಲು ಬರುವುದಿಲ್ಲ, ಒಳಗೆ ಯಾವ ಕಂಪನಿಗಳಿವೆ ಎಂದು ನೋಡಬೇಕು. ಆವತ್ತಿನಿಂದ ತರಗತಿಯಲ್ಲಿ ನನ್ನ ಹೆಸರು 'ನಿನ್ನೆಯ ಮಾಲು'. ನೀನು ಅಲ್ಲಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಕ್ಕಿರುತ್ತಿದ್ದೆ. ಆ ನಗು ಕೇಳಿ ಎಷ್ಟು ಕಾಲವಾಯಿತು. ಫೋನಿನಲ್ಲಿ ಬರುವುದು ಅದರ ಸಿಪ್ಪೆ ಮಾತ್ರ.

ಮೂರನೆಯದು, ಬೆಲೆ ಬಿದ್ದಾಗ ನಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು. ಕಲಿತದ್ದು ಕೈಗೆ ಹತ್ತಲಿ ಎಂದು ನಾನು ಬನ್ನು ಮಾರಿದ ದುಡ್ಡಿನಲ್ಲಿ ಸ್ವಲ್ಪವನ್ನು ಒಂದು ಫಂಡಿಗೆ ಹಾಕಿದ್ದೆ. ನಿನ್ನ ದುಡ್ಡು ಮುಟ್ಟಿಲ್ಲ, ಹೆದರಬೇಡ. ಹಾಕಿದ ಮಾರನೆಯ ವಾರವೇ ಅದು ಇಳಿಯಿತು. ಅತ್ತೆಗೆ ಹೇಳಿದರೆ, "ಹಿಟ್ಟು ನಿಮ್ಮದು, ಒಲೆ ಅವರದು, ಸೀದುಹೋದ್ರೆ ಯಾರನ್ನ ಕೇಳ್ತೀರಿ ಅಳಿಯಂದಿರೇ?" ಎಂದರು. ಮೇಡಂ ಮಾತ್ರ, "ನೀವು ಮಾರ್ಲಿಲ್ಲ ಅಂದ್ಮೇಲೆ ಎಲ್ಲಿಗೂ ಹೋಗಿಲ್ಲ. ಇವತ್ತು ಕೊಳ್ಳೋರು ಕಡಿಮೆ ಕೊಡ್ತೀವಿ ಅಂತಿದ್ದಾರೆ, ಅಷ್ಟೇ. ಹಾಗಂತ ನಾಳೆ ಏರೇ ಏರುತ್ತೆ ಅಂತ ಯಾರೂ ಬರೆದು ಕೊಡಲ್ಲ" ಎಂದರು. ಓವನ್ನಿನ ಬಾಗಿಲು ಪದೇ ಪದೇ ತೆಗೆದರೆ ಬ್ರೆಡ್ಡು ಕೂತುಬಿಡುತ್ತದೆ ಎಂದು ಕಂಡಕಂಡವರಿಗೆ ಬುದ್ಧಿ ಹೇಳುವ ನಾನು ಆ ವಾರವೆಲ್ಲ ಫೋನು ತೆಗೆತೆಗೆದು ನೋಡಿದೆ. ಅಂಕಿ ಏರಿದ ದಿನ ನೀನು ಒಂದು ಊರು ಹತ್ತಿರ ಬಂದ ಹಾಗೆ ಅನ್ನಿಸುತ್ತಿತ್ತು, ಇಳಿದ ದಿನ ಒಂದು ಸಮುದ್ರ ದಾಟಿ ಹೋದ ಹಾಗೆ. ಮನೆಗಾಗುವಷ್ಟು ಆದಮೇಲೆ ತಾನೇ ನೀನು ಬರುವುದು. ಹಾಗೆ ನೋಡುತ್ತಾ ನಿಂತು ಒಂದು ತಟ್ಟೆ ಬನ್ನು ಕರಕಲು ಮಾಡಿದೆ. ಪಕ್ಕದ ಕ್ಷೌರದಂಗಡಿಯವನು ಹೊಗೆ ನೋಡಿ ಓಡಿ ಬಂದವನು, ವಿಷಯ ತಿಳಿದು, ವರ್ಷದೊಳಗೆ ಎರಡರಷ್ಟಾಗುವ ಶೇರಿನ ಹೆಸರು ನನಗೆ ಗೊತ್ತು ಎಂದು ಕಿವಿಯಲ್ಲಿ ಹೇಳಿದ. ಮೇಡಂ ಕಲಿಸಿದ ಹಾಗೆ, ಹಾಗಾದ್ರೆ ನೀನ್ಯಾಕೆ ಇನ್ನೂ ಕತ್ತರಿ ಹಿಡ್ಕೊಂಡಿದ್ದೀಯ ಮಾರಾಯ ಎಂದು ಕೇಳಿದೆ. ಈಗ ಮಾತು ಬಿಟ್ಟಿದ್ದಾನೆ. ಕೂದಲು ಬೆಳೆಯುತ್ತಿದೆ, ರಾಜಿಯಾಗಬೇಕು.

ಹೋದ ಶನಿವಾರ ಕೊನೆಯ ಪಾಠ. ಮೇಡಂ ಒಬ್ಬೊಬ್ಬರನ್ನೇ, ಯಾವುದಕ್ಕೆ ದುಡ್ಡು ಕೂಡಿಸುತ್ತೀರಿ, ಎಷ್ಟು ಕಾಲ ಬಿಡುತ್ತೀರಿ ಎಂದು ಕೇಳಿದರು. ಗುರಿ ಗೊತ್ತಿಲ್ಲದೆ ಫಂಡು ಆರಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಎಂದರು. ಡ್ರೈವರ್ ಮಗನ ಓದಿಗೆ ಎಂದ, ಅಕ್ಕ ಎರಡನೆಯ ಹೊಲಿಗೆ ಯಂತ್ರಕ್ಕೆ ಎಂದಳು. ನಾನು ಮನೆಗೆ ಎಂದೆ. ಎಲ್ಲರದೂ ಕೇಳಿದ ಮೇಲೆ ಅವರು ಒಂದೇ ಮಾತು ಹೇಳಿದರು. "ನಾಳೆ, ನಾಡಿದ್ದು ಬೇಕಾಗೋದನ್ನ ಇದರಲ್ಲಿ ಹಾಕಬೇಡಿ. ಐದಾರು ವರ್ಷ ಕೈಯಲ್ಲಿ ಇಲ್ಲದಿದ್ರೂ ನಡೆಯುತ್ತೆ ಅನ್ನೋದನ್ನ ಮಾತ್ರ ಹಾಕಿ. ಅದಿಲ್ಲದೆ ಸಂಸಾರ ನಡೆಯಲ್ಲ ಅನ್ನೋದಾದ್ರೆ, ಎಷ್ಟೇ ಲಾಭ ಬರಲಿ, ಮನೇಲೇ ಇಟ್ಕೊಳ್ಳಿ." ಉಳಿದ ಪಾಠ ಮರೆತರೂ ಪರವಾಗಿಲ್ಲ, ಇದು ಮರೆಯಬೇಡಿ ಎಂದು ದೀಪ ಆರಿಸಿ ಹೊರಟರು.

ವರದಿ ಮುಗಿಯಿತು. ಇನ್ನು ಇಲ್ಲಿನ ಚೂರುಪಾರು. ನೀನು ಮೊದಲಿದ್ದ ಆಸ್ಪತ್ರೆಯ ಹಿರಿಯ ನರ್ಸಮ್ಮ ಈಗಲೂ ಸಂಜೆ ಬ್ರೆಡ್ಡಿಗೆ ಬರುತ್ತಾರೆ, ಪ್ರತಿ ಸಲವೂ ನಿನ್ನನ್ನು ಕೇಳುತ್ತಾರೆ. ಬೆಳಗಿನ ಮೊದಲ ತಟ್ಟೆಯಿಂದ ಒಂದು ಬನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಡುವುದನ್ನು ನಾನು ಬಿಟ್ಟಿಲ್ಲ. ಡ್ಯೂಟಿಗೆ ಓಡುವ ಮುಂಚೆ ನೀನು ಅಲ್ಲೇ ನಿಂತು, ಬಿಸಿಗೆ ಊದಿ ಊದಿ, ಬಾಯಿ ಸುಟ್ಟುಕೊಂಡು ತಿನ್ನುತ್ತಿದ್ದೆಯಲ್ಲ, ಆ ಬನ್ನು. ಮಧ್ಯಾಹ್ನದ ತನಕ ಅದು ಅಲ್ಲೇ ಆರಿ, ಆಮೇಲೆ ನನ್ನ ಹೊಟ್ಟೆ ಸೇರುತ್ತದೆ. ಈಗಲೂ ಅದನ್ನೇ ತಿನ್ನುತ್ತಾ ಬರೆಯುತ್ತಿದ್ದೇನೆ. ಕಾಗದದ ಮೇಲೆ ಚೂರು ಬಿದ್ದಿದ್ದರೆ ಕೊಡವಿಕೋ. ನಿನ್ನ ನೆನಪು ತುಂಬ ಆಗುತ್ತದೆ. ಬೆಳಗಿನ ಜಾವದಲ್ಲಿ ಹಿಟ್ಟು ನಾದುವಾಗ ಹೆಚ್ಚು.

ಸಹಿಯ ವಿಷಯ ನಿನಗೆ ಬಿಟ್ಟದ್ದು. ನೀನು ಯೋಚಿಸದೆ ಏನನ್ನೂ ಮಾಡುವವಳಲ್ಲ. ಹೇಗೋ ಇಲ್ಲಿ ಎಲ್ಲ ನಡೆಯುತ್ತಿದೆ. ಅತ್ತೆಯ ಆಶೀರ್ವಾದ ಈ ಕಾಗದದಲ್ಲಿ ಹಿಡಿಸುವುದಿಲ್ಲ, ಅಷ್ಟಿದೆ. ವಕೀಲಮ್ಮ ತನ್ನ ಬಿದ್ದ ಹಲ್ಲುಗಳನ್ನು ನೀನು ಬಂದು ನೋಡುವ ತನಕ ಬೆಂಕಿಪೊಟ್ಟಣದಲ್ಲಿ ಇಟ್ಟಿರುತ್ತಾಳಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಹೆಗಲು ನೋಡಿಕೋ.

ನಿನ್ನ,
ಇವರು
(ಉರುಫ್ ನಿನ್ನೆಯ ಮಾಲು)

ತಾ.ಕ: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿದ್ದೇನೆ. ಹರಿದಿದ್ದರೆ ಬೈಯಬೇಡ, ಅಂಚೆಗೆ ಹೊತ್ತಾಗುತ್ತಿದೆ. ಶನಿವಾರದ್ದು ಒಂದು ಮಾತು ಬರೆಯದೆ ಬಿಟ್ಟಿದ್ದೆ. ಮನೆಗೆ ಎಂದೆನಲ್ಲ, ಎಷ್ಟು ದೊಡ್ಡ ಮನೆ, ಇರುವವರು ಎಷ್ಟು ಜನ ಎಂದು ಮೇಡಂ ಕೇಳಿದರು. ನಾನು ಮೂವರು ಎಂದೆ. ನಾನು, ಮಗಳು, ಅತ್ತೆ. ಪಕ್ಕದಲ್ಲಿದ್ದ ಡ್ರೈವರ್, "ಮತ್ತೆ ಹೆಂಡ್ತಿ?" ಎಂದ. ನೀನಿಲ್ಲದೆ ನಡೆಯುತ್ತದೆ ಎನ್ನುವುದು ನನ್ನ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಮೇಲೆ ನಾನೇ ಬರೆದ 'ಹೇಗೋ ಇಲ್ಲಿ ಎಲ್ಲ ನಡೆಯುತ್ತಿದೆ' ಎಂಬುದನ್ನು ಹೊಡೆದುಹಾಕು, ಸುಳ್ಳು ಅದು. ಕೈಬಿಟ್ಟು ಇರಲಾಗದ್ದನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರಲ್ಲ ಮೇಡಂ, ನಾವು ಅದನ್ನೇ ಮೂರು ವರ್ಷದಿಂದ ದೂರ ಇಟ್ಟು ಕೂತಿದ್ದೇವೆ. ಸಹಿ ಹಾಕಬೇಡ. ನಿನ್ನೆ ನರ್ಸಮ್ಮನನ್ನು ಕೇಳಿದೆ, ನಿನ್ನ ಹಳೆಯ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಜನ ಬೇಕಂತೆ, ಸಂಬಳ ನಿನಗೀಗ ಬರುವುದರ ಅರ್ಧವೂ ಇಲ್ಲ. ಅಷ್ಟೇ ಸಾಕು, ಈ ಬಾಡಿಗೆ ಮನೆಯೂ ಸಾಕು. ಇದು ತಲುಪಿದ ಮೇಲೆ ಬರುವ ಭಾನುವಾರ ಫೋನನ್ನು ಮೊದಲು ನಾನೇ ಎತ್ತಿಕೊಳ್ಳುತ್ತೇನೆ. ಬಾ ಎನ್ನುತ್ತೇನೆ. ಈ ಸಲ ನೀನು ಹೂಂ ಅನ್ನು.