ಪದಕ್ಕೊಬ್ಬ ಆಸಾಮಿ

ಅಪ್ಪನ ಹೊಲಿಗೆ ಅಂಗಡಿ, ಮಹಡಿ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಹಡಗಿಗೆಲ್ಲ ಬೇಯಿಸಿ ಹಾಕುವ ನೀನು ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲ ಎಂದು ಅಮ್ಮನಿಗೆ ಒಂದೇ ಕೊರಗು. ಅವಳ ಮಂಡಿನೋವು ಇದ್ದೇ ಇದೆ. ಹೇಳಿಕೊಳ್ಳಲು ಯಾರಾದರೂ ಸಿಕ್ಕಿದರೆ ಅರ್ಧ ಕಡಿಮೆಯಾಗುತ್ತದೆ. ಉಳಿದಂತೆ ಎಲ್ಲರೂ ಚೆನ್ನಾಗಿದ್ದೇವೆ.

ಹೋಟೆಲಿನಲ್ಲಿ ಬೆಡ್‌ಶೀಟ್ ಮಡಿಸುವುದು ಬಿಟ್ಟು ರಿಸೆಪ್ಷನ್ನಿಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಎಂದು ಬರೆದಿದ್ದೆನಲ್ಲ, ಅದು ಬುಧವಾರ. ದೊಡ್ಡ ದೊಡ್ಡ ಪದಗಳ ಅರ್ಥ ಕೇಳುತ್ತಾರಂತೆ. ಉರು ಹೊಡೆದದ್ದೆಲ್ಲ ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಒಂದೊಂದು ಪದಕ್ಕೂ ಗೊತ್ತಿರುವ ಒಬ್ಬರನ್ನು ಗಂಟುಹಾಕು ಎಂದು ನೀನು ಬರೆದೆಯಲ್ಲ, ಅದೇ ಕೈಹಿಡಿಯಿತು. ಚೀಟಿಯ ಮೇಲೆ ಪದ, ಕೆಳಗೆ ನಮ್ಮ ಮಾತಿನಲ್ಲಿ ಅರ್ಥ, ಅದರ ಕೆಳಗೆ ಆಸಾಮಿ. ಮೆಟಿಕ್ಯುಲಸ್, ಸಣ್ಣ ವಿಷಯವನ್ನೂ ಬಿಡದೆ ಗಮನಿಸುವವರು: ಲೋಟ ತೊಳೆಯುವಾಗ ಅಮ್ಮ. ಗ್ಯಾರುಲಸ್, ಬಾಯಿಗೆ ಬಿಡುವು ಕೊಡದವರು: ಅದು ನಾನೇ ಎಂದು ಅಪ್ಪನ ತೀರ್ಪು.

ಹೌದು, ಈಗ ಅಪ್ಪನೇ ನನ್ನ ಮೇಷ್ಟ್ರು. ಹೊಲಿಯಲು ಬಂದ ಬಟ್ಟೆಗಳಿಗೆ ಚೀಟಿಗಳನ್ನು ಗುಂಡುಸೂಜಿಯಿಂದ ಚುಚ್ಚಿಟ್ಟುಕೊಂಡು, ಮಿಷನ್ ತುಳಿಯುತ್ತಲೇ ಪದ ಕೂಗುತ್ತಾರೆ. ನಾನು ಗುಂಡಿ ಹಾಕುತ್ತಾ ಅರ್ಥ ಹೇಳಬೇಕು. ಹೋದ ವಾರ ಒಂದು ಚೀಟಿ ಹೆಡ್‌ಮಾಸ್ಟರ ಕೋಟಿನ ಜೊತೆಯೇ ಹೋಗಿಬಿಟ್ಟಿತು. ಪಾಂಪಸ್, ದೊಡ್ಡಸ್ತಿಕೆ ಮೆರೆಯುವವರು: ಹೆಡ್‌ಮಾಸ್ಟರು! ಅವರು ಚೀಟಿ ಹಿಡಿದು ಬಂದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅರ್ಥವೂ ಸರಿಯಾಗಿದೆ, ಆಸಾಮಿಯೂ ಸರಿಯಾಗಿದ್ದಾನೆ ಎಂದು ತಮ್ಮ ಹೆಂಡತಿ ಹೇಳಿದಳೆಂದು ಗಂಭೀರವಾಗಿ ತಿಳಿಸಿ, ಚೀಟಿ ವಾಪಸು ಕೊಟ್ಟು ಹೋದರು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ಕತ್ತರಿ ಹಿಡಿಯುವುದಿಲ್ಲ ಎಂದು ಜಗಳವಾಡಿ ನೀನು ಹಡಗು ಹತ್ತಿದ ಮೇಲೆ ನಿನ್ನ ಮಾತೆತ್ತಿದರೆ ಸಾಕು, ಮಿಷನ್ ಜೋರಾಗಿ ತುಳಿಯುತ್ತಾರೆ. ನೀನೂ ಏನು ಕಡಿಮೆಯಿಲ್ಲ, ಕಾಗದದಲ್ಲಿ ಎಲ್ಲರನ್ನೂ ಕೇಳುತ್ತೀಯ, ಅವರೊಬ್ಬರನ್ನು ಬಿಟ್ಟು. ನಿಮ್ಮಿಬ್ಬರ ಮಧ್ಯೆ ನಿಂತು ನನಗೆ ಸಾಕಾಗಿದೆ, ತಮ್ಮಾ. ನಿನ್ನನ್ನು ನೋಡಬೇಕೆನ್ನಿಸುತ್ತದೆ.

ಎಣ್ಣೆ ಕಾದಿರುವಾಗ ಹರಟೆ ಹೊಡೆಯಬೇಡ. ಅಮ್ಮ ಆಶೀರ್ವಾದದ ಜೊತೆ ಸ್ವೆಟರನ್ನೂ ಕಳಿಸುತ್ತಿದ್ದಾಳೆ. ಎರಡನ್ನೂ ಬೇಡವೆನ್ನದೆ ತೊಟ್ಟುಕೋ.

ನಿನ್ನ ಗ್ಯಾರುಲಸ್
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಕೆಳಗೆ ಕರೆದರು. ಕೈಯಲ್ಲಿ ಒಂದು ಚೀಟಿ. ಎಸ್ಟ್ರೇಂಜ್ಡ್, ಮುನಿಸಿಕೊಂಡು ಮನೆಯವರಿಂದ ದೂರವಾದವನು. ಕೆಳಗೆ 'ತಮ್ಮ' ಎಂದು ಬರೆದು, ಅವರ ಕಣ್ಣಿಗೆ ಬೀಳದಿರಲೆಂದು ಚೀಟಿಗಳ ಕಟ್ಟಿನ ತಳದಲ್ಲಿಟ್ಟಿದ್ದೆ. ಬೈಗುಳ ಗ್ಯಾರಂಟಿ ಎಂದುಕೊಂಡೆ. ಅವರು ಕಿವಿಯ ಸಂದಿಯ ಪೆನ್ಸಿಲ್ ತೆಗೆದು ನಿನ್ನ ಮೇಲೆ ಗೀಟು ಎಳೆದರು. "ಈ ಪದಕ್ಕೆ ನಮ್ಮನೇಲಿ ಯಾರೂ ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋ." ಆಮೇಲೆ ನೀಲಿ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿ, ನಿನ್ನ ಭುಜ ಈಗ ಎಷ್ಟಿರಬಹುದು ಎಂದು ಕೇಳಿದರು. ಅಳತೆ ಬರೆದು ಕಳಿಸಲು ಹೇಳುತ್ತೇನೆ ಎಂದೆ.

"ಕಾಗದದ ಅಳತೆಗೆ ನಾನು ಕತ್ತರಿ ಹಾಕಲ್ಲ. ಬಂದು ನಿಂತ್ಕೊಳ್ಳೋಕೆ ಹೇಳು."